ಟ್ರಸ್ಟಿನ ದುಡ್ಡು ಯಾರ ಮನೆಗೆ ಮುಟ್ಟುತ್ತಿದೆ? ಮಲೆನಾಡಿನ ದತ್ತಿ ಸಂಸ್ಥೆಯೊಳಗೆ ಸಾಮಾಜಿಕ ನ್ಯಾಯ ತರುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ದಾನ ಕೊಡುವ ಕೈಗಳಿಗೆ ಬರವಿಲ್ಲ. ಅಡಿಕೆ ವ್ಯಾಪಾರದ ಕುಟುಂಬಗಳು ತಂದೆ ತಾಯಿಯ ಹೆಸರಲ್ಲಿ ಕಟ್ಟಿದ ಟ್ರಸ್ಟುಗಳಿವೆ, ಸಮಾಜದ ಸಂಘಗಳ ವಿದ್ಯಾನಿಧಿಗಳಿವೆ, ಬೆಂಗಳೂರಲ್ಲೋ ಹೊರದೇಶದಲ್ಲೋ ನೆಲೆಸಿದವರು ಹುಟ್ಟೂರಿಗೆಂದು ಮಾಡಿದ ಫೌಂಡೇಶನ್‌ಗಳಿವೆ. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮಗಳು ಹೀಗಿರುತ್ತವೆ: ಎಸ್ಸೆಸ್ಸೆಲ್ಸಿಯಲ್ಲಿ ಶೇ. 85 ದಾಟಿರಬೇಕು, ಜೂನ್‌ನಲ್ಲಿ ಪತ್ರಿಕಾ ಪ್ರಕಟಣೆ, ಹದಿನೈದು ದಿನದ ಗಡುವು, ಪಹಣಿ ಅಥವಾ ಮನೆ ಕಂದಾಯದ ರಸೀದಿ, ಪೇಟೆಯಲ್ಲಿ ಸಂದರ್ಶನ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಎಲ್ಲ ಸೇರಿದಾಗ, ಪೇಟೆಗೆ ಹತ್ತಿರವಿರುವ, ಜಮೀನಿನ ದಾಖಲೆ ಇರುವ, ಮನೆಯಲ್ಲಿ ಓದಿದವರಿರುವ ಮಕ್ಕಳೇ ಪಟ್ಟಿಯಲ್ಲಿ ಉಳಿಯುತ್ತಾರೆ. ಟ್ರಸ್ಟಿಗಳಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲದಿದ್ದರೂ ಫಲ ಇದೇ.

ಈ ಬರಹ ಅಂಥ ಸಂಸ್ಥೆಯ ಕಾರ್ಯದರ್ಶಿಗೆ, ಯೋಜನಾಧಿಕಾರಿಗೆ, ಬದಲಾವಣೆ ಬೇಕೆನ್ನುವ ಒಬ್ಬಿಬ್ಬರು ಟ್ರಸ್ಟಿಗಳಿಗೆ. ಒಂದು ಸುತ್ತು ಮುಗಿಯಲು ಹದಿನೆಂಟು ತಿಂಗಳು ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಅದಕ್ಕಿಂತ ಬೇಗ ಮಾಡಲು ಹೋದರೆ ಅರ್ಜಿ ನಮೂನೆ ಮಾತ್ರ ಬದಲಾಗುತ್ತದೆ, ಪಟ್ಟಿ ಹಳೆಯದೇ ಬರುತ್ತದೆ.

ಮೊದಲು ಐದು ವರ್ಷದ ಲೆಕ್ಕ ಬಿಡಿಸಿ

ಭಾಷಣ, ಕಾರ್ಯಾಗಾರ, ಧ್ಯೇಯವಾಕ್ಯ ಯಾವುದೂ ಈಗ ಬೇಡ. ಕಳೆದ ಐದು ವರ್ಷದ ಕಡತಗಳನ್ನು ಮೇಜಿನ ಮೇಲೆ ಹಾಕಿ. ನೆರವು ಪಡೆದವರಷ್ಟೇ ಸಾಲದು, ಅರ್ಜಿ ಹಾಕಿ ತಿರಸ್ಕೃತರಾದವರ ಕಡತವೂ ಬೇಕು. ನಿಜವಾದ ಕಥೆ ಇರುವುದು ಅಲ್ಲೇ. ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ಅರ್ಜಿಗೆ ಒಂದು ಸಾಲು ಕೊಟ್ಟು ಈ ಕಾಲಂಗಳನ್ನು ತುಂಬಿ: ತಾಲ್ಲೂಕು, ಹೋಬಳಿ, ಊರು, ಓದಿದ ಶಾಲೆ ಸರ್ಕಾರಿಯೋ ಅನುದಾನಿತವೋ ಖಾಸಗಿಯೋ, ಮಾಧ್ಯಮ, ಹೆಣ್ಣೋ ಗಂಡೋ, ತಂದೆ ತಾಯಿಯ ಓದು ಮತ್ತು ಕೆಲಸ, ಮನೆಗೆ ಜಮೀನಿನ ದಾಖಲೆ ಇದೆಯೇ, ಅಂಗವೈಕಲ್ಯ, ಮೀಸಲಾತಿ ವರ್ಗ, ಟ್ರಸ್ಟಿನ ವಿಷಯ ತಿಳಿದದ್ದು ಯಾರಿಂದ, ಶಿಫಾರಸು ಯಾರದು, ತಿರಸ್ಕಾರದ ಕಾರಣ, ಸಿಕ್ಕ ಮೊತ್ತ, ದುಡ್ಡು ಕೈಸೇರಿದ ತಾರೀಕು.

ವರ್ಗದ ಮಾಹಿತಿ ಹಳೆಯ ಅರ್ಜಿಯಲ್ಲಿ ಇಲ್ಲದಿದ್ದರೆ ಹೆಸರು ನೋಡಿ ಜಾತಿ ಊಹಿಸಬೇಡಿ. ಊಹೆ ತಪ್ಪುತ್ತದೆ, ಮತ್ತು ಹಾಗೆ ಊಹಿಸುವ ಚಾಳಿ ಕಚೇರಿಯೊಳಗೇ ನೆಲೆಯೂರುತ್ತದೆ. ಶಾಲೆಯ ಬಗೆ, ಊರು, ತಂದೆ ತಾಯಿಯ ಕೆಲಸ, ಈ ಮೂರರಿಂದಲೇ ಬೇಕಾದಷ್ಟು ತಿಳಿಯುತ್ತದೆ. ಮುಂದಿನ ವರ್ಷದಿಂದ ಅರ್ಜಿದಾರರೇ ಬರೆದುಕೊಡುವಂತೆ ಮಾಡಿ, ಏಕೆ ಕೇಳುತ್ತಿದ್ದೀರಿ ಎಂಬುದನ್ನು ಒಂದು ಸಾಲಲ್ಲಿ ಅಲ್ಲೇ ಮುದ್ರಿಸಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ಒಪ್ಪಿಗೆಯ ಸಹಿ ಅರ್ಜಿಯಲ್ಲೇ ಇರಲಿ.

ಈ ಪಟ್ಟಿಯನ್ನು ಯಾವುದಕ್ಕೆ ಹೋಲಿಸಬೇಕು? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ಶೇ. 17.15, ಪರಿಶಿಷ್ಟ ಪಂಗಡದವರು ಶೇ. 6.95. ಎರಡೂ ಸೇರಿದ ಶೇ. 24.1ಕ್ಕೆ ತಕ್ಕಂತೆ ರಾಜ್ಯದ ಅಭಿವೃದ್ಧಿ ಬಜೆಟ್‌ನಲ್ಲಿ ಹಣ ತೆಗೆದಿಡಬೇಕೆಂದು 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ) ಕಾಯ್ದೆ ಹೇಳುತ್ತದೆ. ಖಾಸಗಿ ಟ್ರಸ್ಟಿಗೆ ಅದು ಕಡ್ಡಾಯವಲ್ಲ, ಅಳತೆಗೋಲಾಗಿ ಬಳಸಬಹುದು. ಅದಕ್ಕಿಂತ ಉಪಯುಕ್ತ ಅಳತೆಯೆಂದರೆ ನೀವು ಕೆಲಸ ಮಾಡುವ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಹತ್ತನೇ ತರಗತಿಯ ದಾಖಲಾತಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ ಪಡೆಯಿರಿ. ತಾಲ್ಲೂಕಿನ ಮಕ್ಕಳಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಯಲ್ಲಿದ್ದು, ನಿಮ್ಮ ಪಟ್ಟಿಯಲ್ಲಿ ಅವರು ಕಾಲುಭಾಗವಿದ್ದರೆ, ಸೋರುತ್ತಿರುವುದು ಎಲ್ಲಿ ಎಂದು ಹುಡುಕಬೇಕು. ವಿಷಯ ತಿಳಿದವರು, ಅರ್ಜಿ ಹಾಕಿದವರು, ಸಂದರ್ಶನಕ್ಕೆ ಬಂದವರು, ಆಯ್ಕೆಯಾದವರು, ಓದು ಮುಗಿಸಿದವರು, ಹೀಗೆ ಐದು ಹಂತದಲ್ಲಿ ಎಣಿಸಿ. ಅರ್ಜಿಯೇ ಬರದಿದ್ದರೆ ತೊಂದರೆ ಪ್ರಚಾರದ್ದು ಮತ್ತು ದಾಖಲೆಗಳದ್ದು. ಅರ್ಜಿ ಬಂದು ಸಂದರ್ಶನಕ್ಕೆ ಬಾರದಿದ್ದರೆ ಬಸ್ಸಿನದ್ದು, ದಿನಗೂಲಿಯದ್ದು. ಸಂದರ್ಶನಕ್ಕೆ ಬಂದೂ ಸಿಗದಿದ್ದರೆ ಕುರ್ಚಿಯ ಮೇಲೆ ಕೂತವರದ್ದು.

ಪಟ್ಟಿಯಲ್ಲಿ ಇಲ್ಲದವರು ಯಾರು

ಪ್ರತಿ ಸೀಮೆಗೂ ಬಿಟ್ಟುಹೋದವರ ಬೇರೆ ಬೇರೆ ಗುಂಪುಗಳಿರುತ್ತವೆ. ಮಲೆನಾಡಿನಲ್ಲಿ ಇವರನ್ನು ಹೆಸರಿಟ್ಟು ಹುಡುಕಿ.

ಶರಾವತಿ ಮುಳುಗಡೆಯ ಕುಟುಂಬಗಳು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಊರು ಬಿಟ್ಟು ಕಾಡಂಚಿಗೆ ಬಂದವರಲ್ಲಿ ಹಲವರಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ. ನಿಮ್ಮ ಅರ್ಜಿಯಲ್ಲಿ ಪಹಣಿ ಕೇಳಿದರೆ ಮೊದಲು ಹೊರಬೀಳುವವರು ನಾಡಿಗೆ ಕರೆಂಟು ಕೊಡಲು ಮನೆ ಕಳೆದುಕೊಂಡವರ ಮೊಮ್ಮಕ್ಕಳು. ಹಿನ್ನೀರಿನಾಚೆಯ ತುಮರಿ ಸೀಮೆಯವರು 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಲಾಂಚಿನ ವೇಳೆಗೆ ಕಟ್ಟುಬಿದ್ದವರು. ಹಿಂದಿನ ವರ್ಷಗಳಲ್ಲಿ ಆ ಕಡೆಯಿಂದ ಅರ್ಜಿ ಕಡಿಮೆ ಬಂದಿದ್ದರೆ ಅದನ್ನು ಆಸಕ್ತಿಯ ಕೊರತೆ ಎಂದು ಓದಬೇಡಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಹಸಲರ ಕೇರಿಗಳು, ಗೌಡಲು ಕುಟುಂಬಗಳು. ಇವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದರೂ "ಎಸ್‌ಟಿ" ಎಂಬ ಒಂದೇ ಕಾಲಂನಲ್ಲಿ ಕಾಣೆಯಾಗಿಬಿಡುತ್ತಾರೆ. ಪರಿಶಿಷ್ಟ ಜಾತಿಗಳೊಳಗೂ ಹಿಂದೆ ಉಳಿದವರು ಬೇರೆ ಬೇರೆ ಎಂಬುದನ್ನು 2024ರ ಆಗಸ್ಟ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ, ಒಳಮೀಸಲಾತಿಗೆ ದಾರಿ ಮಾಡಿಕೊಟ್ಟಿತು. ನಿಮ್ಮ ಹಾಳೆಯಲ್ಲೂ ವರ್ಗದ ಪಕ್ಕ ಉಪಪಂಗಡಕ್ಕೆ ಒಂದು ಕಾಲಂ ಇರಲಿ.

ಶಿಕಾರಿಪುರ, ಸೊರಬದ ತಾಂಡಾಗಳಲ್ಲಿ ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ವಲಸೆ ಹೋದಾಗ ಅಜ್ಜಿಯ ಜೊತೆ ಉಳಿಯುವ ಮಕ್ಕಳು. ಎಸ್ಟೇಟಿನ ಲೈನ್‌ಮನೆಯ ಮಕ್ಕಳು. ಅಡಿಕೆ ಸುಲಿದು ಮನೆ ನಡೆಸುವ ಒಂಟಿ ಹೆಂಗಸರ ಮನೆಗಳು. ಪೇಟೆಯ ಬಡ ಮೊಹಲ್ಲಾಗಳ ಹೆಣ್ಣುಮಕ್ಕಳು. ಎಲ್ಲ ಸಮುದಾಯಗಳಲ್ಲೂ ಇರುವ ಅಂಗವಿಕಲರು. ಈ ಪಟ್ಟಿಯನ್ನು ಕಚೇರಿಯಲ್ಲಿ ಕೂತು ಮುಗಿಸಬೇಡಿ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್, ಸರ್ಕಾರಿ ಹಾಸ್ಟೆಲಿನ ಅಡುಗೆಯವರು, ಇವರಿಗೆ ತಿಳಿದಷ್ಟು ಯಾವ ಸಮೀಕ್ಷೆಗೂ ತಿಳಿದಿರುವುದಿಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು. ಎಷ್ಟು ಕೊಡಬೇಕು ಎಂಬುದರ ಜೊತೆಗೆ, ಯಾವ ಅಳತೆಯಲ್ಲಿ, ಯಾರು ಅಳೆಯಬೇಕು ಎಂದು ಅವರು ಕೇಳಿದರು. ದತ್ತಿ ಸಂಸ್ಥೆಯ ಒಳಗಿನ ಬದಲಾವಣೆಯೂ ಇದೇ ಪ್ರಶ್ನೆ. ಕೊಡುವ ಮೊತ್ತ ಹೆಚ್ಚಿಸುವುದು ಸುಲಭ. ಅಳತೆಯನ್ನೂ ಅಳೆಯುವವರನ್ನೂ ಬದಲಿಸುವುದೇ ಕಷ್ಟದ ಕೆಲಸ, ಮತ್ತು ಆ ಕೆಲಸವಾಗದೆ ಉಳಿದದ್ದು ನಿಲ್ಲುವುದಿಲ್ಲ.

ಟ್ರಸ್ಟ್ ಡೀಡ್ ಮತ್ತು ಕಾನೂನು: ಎಲ್ಲಿ ಕೈ ಹಾಕಬಹುದು

ಮೂಲ ಪತ್ರವನ್ನು ಪೂರ್ತಿ ಓದಿ. ಹುಡುಕಬೇಕಾದ ಕಲಮುಗಳು ನಾಲ್ಕು: ಉದ್ದೇಶಗಳು, ಟ್ರಸ್ಟಿಗಳ ನೇಮಕ ಮತ್ತು ಅವಧಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ತಿದ್ದುಪಡಿಯ ಅಧಿಕಾರ. ತಿದ್ದುಪಡಿಗೆ ಅವಕಾಶವಿಲ್ಲದ ಸಾರ್ವಜನಿಕ ಟ್ರಸ್ಟಿನ ಉದ್ದೇಶ ಬದಲಿಸಲು ಟ್ರಸ್ಟಿಗಳ ಸಭೆ ಸಾಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ಆದಾಯ ತೆರಿಗೆ ವಿನಾಯಿತಿ ಇರುವ ಸಂಸ್ಥೆ ಉದ್ದೇಶ ಬದಲಿಸಿದರೆ 30 ದಿನದೊಳಗೆ ಇಲಾಖೆಗೆ ಹೊಸದಾಗಿ ಅರ್ಜಿ ಹಾಕಬೇಕು. ಇದನ್ನು ಮರೆತು ವಿನಾಯಿತಿಗೇ ಕುತ್ತು ತಂದುಕೊಳ್ಳಬೇಡಿ. ಉದ್ದೇಶದ ಕಲಮಿನಲ್ಲಿ "ವಿದ್ಯೆ, ಆರೋಗ್ಯ, ಬಡವರ ನೆರವು" ಎಂದಿದ್ದರೆ ಅದನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ಆಯ್ಕೆಯ ನಿಯಮ, ಸಮಿತಿಯ ರಚನೆ, ಹಣದ ಹಂಚಿಕೆ, ಇವನ್ನು ಸಭೆಯ ಠರಾವಿನಿಂದಲೇ ಬದಲಿಸಬಹುದು.

ಟ್ರಸ್ಟಿ ಸ್ಥಾನ ವಂಶಪಾರಂಪರ್ಯವಾಗಿದ್ದು ಹೊಸಬರನ್ನು ಸೇರಿಸಲು ಬಾರದಿದ್ದರೆ ಆಯ್ಕೆ ಸಮಿತಿಯೊಂದನ್ನು ಮಾಡಿ, ನಿರ್ದಿಷ್ಟ ಮೊತ್ತದವರೆಗಿನ ತೀರ್ಮಾನವನ್ನು ಅದಕ್ಕೆ ಬಿಟ್ಟುಕೊಡಿ. "ಸಲಹಾ ಸಮಿತಿ" ಎಂಬ ಹೆಸರು ಬೇಡ. ಸಲಹೆ ಕೇಳಿ ಬೇರೆಯೇ ತೀರ್ಮಾನ ಮಾಡುವ ಮಂಡಳಿಯ ಮುಂದೆ ಎರಡನೇ ಸಭೆಗೆ ಯಾರೂ ಬರುವುದಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸಬೇಕು. ಯಾವುದೇ ಸಮುದಾಯಕ್ಕೆ ಹಣ ಮೀಸಲಿಟ್ಟರೆ ತೆರಿಗೆ ವಿನಾಯಿತಿ ಹೋಗುತ್ತದೆ ಎಂಬ ಹೆದರಿಕೆ ಮಂಡಳಿಯಲ್ಲಿ ತಪ್ಪದೆ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಸೆಕ್ಷನ್, ಆ ಕಾಯ್ದೆ ಜಾರಿಯಾದ ಮೇಲೆ ಹುಟ್ಟಿದ ದತ್ತಿಯು ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಯ ಪ್ರಯೋಜನಕ್ಕಾಗಿಯೇ ಇದ್ದರೆ ವಿನಾಯಿತಿ ಇಲ್ಲ ಎಂದಿತು. ಅದೇ ಸೆಕ್ಷನ್‌ನ ವಿವರಣೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗಾಗಿ ಇರುವ ದತ್ತಿಯನ್ನು ಆ ನಿರ್ಬಂಧದಿಂದ ಹೊರಗಿಟ್ಟಿತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ ಎಂದಾಗಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಠರಾವು ಬರೆಯುವ ಮುನ್ನ ನಿಮ್ಮ ಲೆಕ್ಕಪರಿಶೋಧಕರಿಂದ ಹೊಸ ಸಂಖ್ಯೆಯೊಂದಿಗೆ ಲಿಖಿತ ಅಭಿಪ್ರಾಯ ಪಡೆದು ಕಡತದಲ್ಲಿಡಿ. ಸಭೆಯಲ್ಲಿ ಆ ಒಂದು ಕಾಗದ ಹತ್ತು ಮಾತಿನ ಕೆಲಸ ಮಾಡುತ್ತದೆ.

ದುಡ್ಡಿನ ಲೆಕ್ಕದಲ್ಲಿ ನೆನಪಿಡಬೇಕಾದವು: ವರ್ಷದ ಆದಾಯ 40 ಲಕ್ಷವಾದರೆ ಶೇ. 85, ಅಂದರೆ 34 ಲಕ್ಷ, ದತ್ತಿ ಕೆಲಸಕ್ಕೆ ವಿನಿಯೋಗವಾಗಿರಬೇಕು. ಇನ್ನೊಂದು ನೋಂದಾಯಿತ ಟ್ರಸ್ಟಿಗೆ 10 ಲಕ್ಷ ಕೊಟ್ಟರೆ 2023ರ ತಿದ್ದುಪಡಿಯ ನಂತರ 8.5 ಲಕ್ಷ ಮಾತ್ರ ವಿನಿಯೋಗ ಎಂದು ಲೆಕ್ಕಕ್ಕೆ ಬರುತ್ತದೆ. ವಿದೇಶಿ ದೇಣಿಗೆಯನ್ನು ಬೇರೆ ಸಂಸ್ಥೆಗೆ ದಾಟಿಸುವುದನ್ನು 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಪೂರ್ತಿ ನಿಷೇಧಿಸಿತು, ಆಡಳಿತ ವೆಚ್ಚಕ್ಕೆ ಶೇ. 20ರ ಮಿತಿ ಹಾಕಿತು. ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಖರ್ಚು ಮಾಡುವ ಕಂಪನಿಗಳಿಗೆ ತಮ್ಮ ಆಡಳಿತ ವೆಚ್ಚದ ಮಿತಿ ಶೇ. 5. ಸಣ್ಣ ಸಂಘಗಳಿಗೆ ಹಣ ಹಂಚುವ ಯೋಜನೆ ಹಾಕುವಾಗ ಯಾವ ಮೂಲದ ದುಡ್ಡು ಎಂದು ಮೊದಲೇ ಬೇರ್ಪಡಿಸಿ.

ಟ್ರಸ್ಟಿಗಳನ್ನು ಒಪ್ಪಿಸುವುದು

ಲೆಕ್ಕದ ಹಾಳೆಯನ್ನು ನೇರ ಸಭೆಯಲ್ಲಿ ಬಿಚ್ಚಿದರೆ ಹಿರಿಯರು ಅದನ್ನು ಆಪಾದನೆ ಎಂದೇ ತಿಳಿಯುತ್ತಾರೆ. ಸಭೆಗೆ ಮೂರು ವಾರ ಮೊದಲೇ ಒಬ್ಬೊಬ್ಬರ ಮನೆಗೂ ಹೋಗಿ. ಮೊದಲ ಭೇಟಿ ಅಧ್ಯಕ್ಷರದ್ದು, ಎರಡನೆಯದು ಅತಿ ಹೆಚ್ಚು ವಿರೋಧಿಸುವವರೆಂದು ನಿಮಗೆ ಅನ್ನಿಸುವವರದ್ದು. ಎರಡು ಪುಟಕ್ಕಿಂತ ಹೆಚ್ಚು ಕಾಗದ ಒಯ್ಯಬೇಡಿ. ತಾಲ್ಲೂಕಿನ ನಕ್ಷೆಯ ಮೇಲೆ ಐದು ವರ್ಷದ ಫಲಾನುಭವಿಗಳ ಊರುಗಳಿಗೆ ಚುಕ್ಕೆ ಇಟ್ಟ ಒಂದು ಪುಟ, ಐದು ಹಂತದ ಎಣಿಕೆಯ ಒಂದು ಪುಟ. ಚುಕ್ಕೆಗಳೆಲ್ಲ ಹೆದ್ದಾರಿಯ ಆಚೀಚೆ ಸಾಲಾಗಿ ಕೂತಿರುವುದನ್ನು ನೋಡಿದ ಮೇಲೆ ನೀವು ಹೆಚ್ಚು ಹೇಳಬೇಕಿಲ್ಲ.

"ನಾವು ಜಾತಿ ನೋಡಿ ಕೊಡೋರಲ್ಲ" ಎನ್ನುವವರಿಗೆ ವಾದ ಹೂಡಬೇಡಿ. ನೋಡದೆ ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ಹಾಳೆ ತೋರಿಸಿ. "ಮೆರಿಟ್ ಹಾಳಾಗುತ್ತೆ" ಎನ್ನುವವರೊಡನೆ ಅವರದೇ ಓದಿನ ದಿನಗಳ ಬಗ್ಗೆ ಮಾತಾಡಿ: "ಸಾರ್, ನೀವು ಶಿವಮೊಗ್ಗಕ್ಕೆ ಓದೋಕೆ ಬಂದಾಗ ಎಲ್ಲಿದ್ರಿ, ಊಟಕ್ಕೇನು ಮಾಡ್ತಿದ್ರಿ?" ಸಮಾಜದ ಹಾಸ್ಟೆಲ್, ನೆಂಟರ ಮನೆ, ವಾರಾನ್ನ ಎಂಬ ಉತ್ತರ ಬರುತ್ತದೆ. ಅಂಥ ಮನೆ, ಅಂಥ ಹಾಸ್ಟೆಲ್ ಯಾರಿಗೆ ಬಾಗಿಲು ತೆರೆಯುತ್ತಿತ್ತು, ಯಾರಿಗೆ ಇಲ್ಲ ಎಂಬುದು ಅವರಿಗೇ ಗೊತ್ತು. ಅಂಕದ ಹಿಂದಿರುವ ಊಟ ಮತ್ತು ಸೂರನ್ನು ಒಮ್ಮೆ ನೆನೆದವರು ಶೇ. 85ರ ಗೆರೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. "ನಮ್ಮ ಸಮಾಜದವರೇ ಕೊಟ್ಟ ದುಡ್ಡು" ಎಂಬ ಮಾತು ಮಾತ್ರ ಬೇರೆ ತೂಕದ್ದು, ಅದಕ್ಕೆ ಗೌರವ ಕೊಡಬೇಕು. ಒಂದು ಸಮಾಜಕ್ಕೆಂದೇ ಡೀಡ್‌ನಲ್ಲಿ ಬರೆದಿದ್ದರೆ ಆ ಸಮಾಜದೊಳಗಿನ ಜಮೀನಿಲ್ಲದವರು, ಗಂಡನಿಲ್ಲದ ಹೆಂಗಸರು, ದೂರದ ಊರುಗಳವರಿಂದ ಶುರುಮಾಡಿ. ಅಲ್ಲೂ ಬಿಟ್ಟುಹೋದವರು ಇದ್ದೇ ಇರುತ್ತಾರೆ.

ಠರಾವು ಅಸ್ಪಷ್ಟವಾಗಿರಬಾರದು. "ಎಲ್ಲರನ್ನೂ ಒಳಗೊಳ್ಳಲು ಪ್ರಯತ್ನಿಸಲಾಗುವುದು" ಎಂದು ನಡಾವಳಿ ಪುಸ್ತಕದಲ್ಲಿ ಬರೆದದ್ದು ಅಲ್ಲೇ ಸಾಯುತ್ತದೆ. ಹೀಗೆ ಬರೆಯಬಹುದು:

"ಮುಂದಿನ 3 ಆರ್ಥಿಕ ವರ್ಷಗಳಲ್ಲಿ ವಿದ್ಯಾರ್ಥಿವೇತನದ ಮೊತ್ತದಲ್ಲಿ ಶೇ. 60ಕ್ಕೆ ಕಡಿಮೆಯಿಲ್ಲದಂತೆ ಸರ್ಕಾರಿ ಶಾಲೆಯಲ್ಲಿ ಓದಿದ, ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ಸೇರುವ ಮಕ್ಕಳಿಗೆ ಕೊಡತಕ್ಕದ್ದು. ಆಯ್ಕೆಯನ್ನು 5 ಜನರ ಸಮಿತಿ ಮಾಡತಕ್ಕದ್ದು. ಅದರಲ್ಲಿ 3 ಜನ ಟ್ರಸ್ಟಿನ ಹೊರಗಿನವರು, ಅವರಲ್ಲಿ ಇಬ್ಬರು ಮಹಿಳೆಯರು ಇರತಕ್ಕದ್ದು. ಸಮಿತಿಯ ಪಟ್ಟಿಯನ್ನು ಟ್ರಸ್ಟಿಗಳು ಕಾರಣ ಬರೆಯದೆ ಬದಲಿಸುವಂತಿಲ್ಲ. ಪ್ರತಿ ವರ್ಷ ಆಗಸ್ಟ್‌ನಲ್ಲಿ ತಾಲ್ಲೂಕುವಾರು ಅಂಕಿಅಂಶವನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದು."

ಶೇ. 60 ಎಂಬುದು ಉದಾಹರಣೆ. ನಿಮ್ಮ ಈಗಿನ ಅಂಕಿ ಶೇ. 20 ಇದ್ದರೆ ಮೊದಲ ವರ್ಷ 35, ಎರಡನೆಯದು 50, ಮೂರನೆಯದು 60 ಎಂದು ಮೆಟ್ಟಿಲು ಮಾಡಿ.

ಅರ್ಜಿ ಮತ್ತು ಆಯ್ಕೆ

ಇದೇ ಬದಲಾವಣೆಯ ಹೊಟ್ಟೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಕಾಲ. ಜೂನ್–ಜುಲೈ ಎಂದರೆ ಮಲೆನಾಡಿನಲ್ಲಿ ಹಿಡಿದು ಬಿಡದ ಮಳೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಜುಲೈ ಬಂತೆಂದರೆ ನಾಟಿ. ಆಗ ಆನ್‌ಲೈನ್ ಅರ್ಜಿ ಕರೆದರೆ ಪೇಟೆಯವರಿಗೆ ಮಾತ್ರ ಕರೆದಂತೆ. ಜೊತೆಗೆ, ಪಿಯುಸಿಗೆ ಸೇರುವ ದುಡ್ಡು ಬೇಕಾಗುವುದೂ ಅದೇ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಆಯ್ಕೆಯಾದ ಮಗು ಆ ಹೊತ್ತಿಗೆ ಓದು ಬಿಟ್ಟು ಕೆಲಸಕ್ಕೆ ಸೇರಿರಬಹುದು. ಅರ್ಜಿಯನ್ನು ಫೆಬ್ರವರಿಯಲ್ಲೇ ಹತ್ತನೇ ತರಗತಿಯೊಳಗೆ ತುಂಬಿಸಿ. ಪರೀಕ್ಷೆಗೆ ಮೊದಲು ತಾತ್ಕಾಲಿಕ ಪಟ್ಟಿ ಮಾಡಿ, ಫಲಿತಾಂಶ ಬಂದ ಹತ್ತು ದಿನದೊಳಗೆ ಖಚಿತಪಡಿಸಿ, ಜೂನ್ ಮೊದಲ ವಾರ ಮೊದಲ ಕಂತು ಹಾಕಿ. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಎರಡನೇ ಪರೀಕ್ಷೆಯಲ್ಲಿ ಪಾಸಾದವರಿಗೆಂದು ಶೇ. 15ರಷ್ಟು ಸ್ಥಾನ ಖಾಲಿ ಇಟ್ಟುಕೊಳ್ಳಿ.

ದಾಖಲೆ. ಅರ್ಜಿಯ ಜೊತೆಗೆ ಮುಖ್ಯೋಪಾಧ್ಯಾಯರ ಪತ್ರ ಮತ್ತು ಫೋನ್ ನಂಬರ್ ಸಾಕು. ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ ಆಯ್ಕೆಯಾದ ಮೇಲೆ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದುಕೊಟ್ಟರೆ ನಾಡಕಚೇರಿ ಜಾಲತಾಣದಲ್ಲಿ ನೀವೇ ಪರಿಶೀಲಿಸಬಹುದು, ಜೆರಾಕ್ಸ್ ಬೇಡ. ಪಹಣಿ, ಕಂದಾಯ ರಸೀದಿ, ಗಣ್ಯರ ಶಿಫಾರಸು ಪತ್ರ, ಇವು ಮೂರನ್ನೂ ಕೈಬಿಡಿ. ನಮೂನೆ ಎರಡು ಪುಟ ಮೀರದಿರಲಿ, ಸರಳ ಕನ್ನಡದಲ್ಲಿರಲಿ. "ನಿನ್ನ ಜೀವನದ ಗುರಿಯ ಬಗ್ಗೆ 300 ಪದ" ಎಂಬಂಥ ಪ್ರಶ್ನೆ ಯಾರ ಮನೆಯಲ್ಲಿ ಬರೆದುಕೊಡುವವರಿದ್ದಾರೆ ಎಂಬುದನ್ನು ಮಾತ್ರ ಅಳೆಯುತ್ತದೆ.

ಅಂಕದ ಗೆರೆ. ಜಿಲ್ಲೆಗೆಲ್ಲ ಒಂದೇ ಗೆರೆಯ ಬದಲು ಆಯಾ ಶಾಲೆಯೊಳಗಿನ ಸ್ಥಾನ ನೋಡಿ. ಗಣಿತದ ಮೇಷ್ಟ್ರ ಹುದ್ದೆ ವರ್ಷವಿಡೀ ಖಾಲಿಯಿದ್ದ ಶಾಲೆಯಲ್ಲಿ ಶೇ. 62 ತೆಗೆದ ಹುಡುಗಿಯನ್ನು ಟ್ಯೂಷನ್ ಪಡೆದು 88 ತೆಗೆದವರ ಜೊತೆ ತೂಗಬಾರದು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನದಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಓದಿರುವುದೇ ಮುಖ್ಯ ಅರ್ಹತೆ. ಇಂಥ ಒಂದು ಸರಳ ನಿಯಮ ಹತ್ತು ದಾಖಲೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚು ಸೂಕ್ಷ್ಮವಾಗಿ ತೂಗಬೇಕೆಂದರೆ 100 ಅಂಕ ಹೀಗೆ ಹಂಚಬಹುದು: ಜಮೀನಿನ ದಾಖಲೆಯಿಲ್ಲದ ಕೂಲಿ ಮನೆ 20, ಮನೆಯಲ್ಲಿ ಮೊದಲ ಪಿಯುಸಿ 20, ತನ್ನ ಶಾಲೆಯೊಳಗಿನ ಸ್ಥಾನ 20, ಸರ್ಕಾರಿ ಶಾಲೆ 15, ಕಾಲೇಜು 15 ಕಿ.ಮೀ.ಗಿಂತ ದೂರ 15, ಒಂಟಿ ಪೋಷಕರು ಅಥವಾ ಅಂಗವೈಕಲ್ಯ ಅಥವಾ ಮನೆಯಲ್ಲಿ ದೀರ್ಘ ಕಾಯಿಲೆ 10. ಈ ಹಂಚಿಕೆಯನ್ನು ಅರ್ಜಿಯ ಹಿಂಬದಿಯಲ್ಲೇ ಮುದ್ರಿಸಿ. ಗುಟ್ಟಾಗಿಟ್ಟ ಅಂಕಪಟ್ಟಿ ಶಿಫಾರಸಿಗೆ ಬಾಗಿಲು ತೆರೆಯುತ್ತದೆ.

ಸಂದರ್ಶನ ಬೇಕೇ ಬೇಕು ಎನ್ನುವವರಿದ್ದರೆ ಅದನ್ನು ಹೋಬಳಿ ಕೇಂದ್ರದ ಶಾಲೆಯಲ್ಲಿ ಇಡಿ. ಬಸ್ ಚಾರ್ಜು, ಜೊತೆಗೆ ಬಂದವರ ಒಂದು ದಿನದ ಕೂಲಿಯನ್ನು ಅಲ್ಲೇ ನಗದಾಗಿ ಕೊಟ್ಟು ವೋಚರಿಗೆ ಸಹಿ ಪಡೆಯಿರಿ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಚಟವಿರುವ ಸದಸ್ಯರನ್ನು ಈ ಕೆಲಸಕ್ಕೆ ಹಾಕಬೇಡಿ.

ಖರ್ಚಿನ ಅಂದಾಜು: ವಿದ್ಯಾರ್ಥಿವೇತನಕ್ಕೆ 20 ಲಕ್ಷವಿದ್ದರೆ 100 ಮಕ್ಕಳಿಗೆ ತಲಾ 18,000ದಂತೆ 18 ಲಕ್ಷ, ಉಳಿದ 2 ಲಕ್ಷ ಶಾಲೆಗಳಿಗೆ ಹೋಗಿಬರುವುದಕ್ಕೆ, ಬಸ್ ಚಾರ್ಜಿಗೆ, ಫೋನಿಗೆ. ಆ 2 ಲಕ್ಷವನ್ನು ಉಳಿಸಲು ಹೊರಟ ಟ್ರಸ್ಟಿಗೆ ಹಳೆಯ ಪಟ್ಟಿಯೇ ಬರುತ್ತದೆ. ಮತ್ತೆ, ಒಂದೇ ವರ್ಷದ ನೆರವು ಬೇಡ. ಪ್ರಥಮ ಪಿಯುಸಿಗೆ ಕೊಟ್ಟು ದ್ವಿತೀಯಕ್ಕೆ "ಹೊಸಬರಿಗೆ ಅವಕಾಶ" ಎಂದು ನಿಲ್ಲಿಸುವುದು ಮಗುವನ್ನು ನಡುನೀರಲ್ಲಿ ಬಿಟ್ಟಂತೆ. 100 ಮಕ್ಕಳಿಗೆ ಒಂದು ವರ್ಷಕ್ಕಿಂತ 50 ಮಕ್ಕಳಿಗೆ ಎರಡು ವರ್ಷ ಮೇಲು.

ಸಮಿತಿಯಲ್ಲಿ ಕೂರುವವರು

ಹೊರಗಿನ ಮೂವರನ್ನು ಆರಿಸುವಾಗ ಸುಲಭಕ್ಕೆ ಸಿಗುವುದು ನಿವೃತ್ತ ಅಧಿಕಾರಿಗಳು, ಸಮುದಾಯದ ಮುಖಂಡರು. ಅವರಿಗಿಂತ ಹಿಂದೆ ನೆರವು ಪಡೆದು ಈಗ ದುಡಿಯುತ್ತಿರುವ ಒಬ್ಬರು, ಕೇರಿಯಲ್ಲೇ ಇರುವ ಸ್ವಸಹಾಯ ಸಂಘದ ಒಬ್ಬ ಮಹಿಳೆ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಇಂಥವರನ್ನು ಹುಡುಕಿ. ಒಂದು ಸಮುದಾಯದಿಂದ ಒಬ್ಬರನ್ನೇ ತಂದು ಕೂರಿಸಿದರೆ ಅವರು ಮಾತಾಡುವುದಿಲ್ಲ. ಇಬ್ಬರಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡಾದರೂ ಬಾಯಿ ತೆರೆಯುತ್ತಾರೆ. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಕೂಲಿಯವರಿಗೆ ಒಂದು ದಿನ ಬಿಡುವುದು ದೊಡ್ಡ ನಷ್ಟ. ಆ ಹೊತ್ತಿಗೆ ನಡೆಯುತ್ತಿರುವ ಕೂಲಿಯ ದರಕ್ಕೆ ಬಸ್ ಚಾರ್ಜು ಸೇರಿಸಿ ಗೌರವಧನ ಕೊಡಿ, ಟ್ರಸ್ಟಿಗಳು ಪುಕ್ಕಟೆ ಬರುತ್ತಾರಲ್ಲ ಎಂದು ಹೋಲಿಸಬೇಡಿ. ಸಭೆ ಭಾನುವಾರ ಮಧ್ಯಾಹ್ನ ಮುಗಿಯಲಿ, ಕೊನೇ ಬಸ್ಸು ಹೊರಡುವ ಮುನ್ನ.

ನಮ್ಮ ಕಡೆ ಎಲ್ಲರೂ ಯಾರಿಗಾದರೂ ನೆಂಟರೇ. ಆದ್ದರಿಂದ ಪ್ರತಿ ಸಭೆಯ ಮೊದಲು ಪಟ್ಟಿ ಓದಿ, ಸಂಬಂಧಿಕರು, ತೋಟದ ಕೆಲಸದವರು, ಸಾಲಗಾರರು ಇದ್ದರೆ ಹೇಳಿಸಿ, ಆ ಹೆಸರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗುವ ನಿಯಮ ಮಾಡಿ. ನಡಾವಳಿಯಲ್ಲಿ ಅದನ್ನು ಬರೆಯಿರಿ. ಟ್ರಸ್ಟಿಗಳು ಮತ್ತು ಅವರ ಹತ್ತಿರದ ಬಂಧುಗಳಿಗೆ ಟ್ರಸ್ಟಿನ ಪ್ರಯೋಜನ ಹೋದರೆ ತೆರಿಗೆ ವಿನಾಯಿತಿಗೂ ಪೆಟ್ಟು.

ಕಚೇರಿಯೊಳಗೆ

ಹೊರಗೆ ನ್ಯಾಯ ಹಂಚುವ ಸಂಸ್ಥೆಯಲ್ಲಿ ಡ್ರೈವರ್, ಕಸ ಗುಡಿಸುವವರು ಒಂದು ಸಮುದಾಯ, ಕುರ್ಚಿಯವರು ಇನ್ನೊಂದು ಎಂದಿದ್ದರೆ ಊರಿಗೆಲ್ಲ ಅದು ಕಾಣುತ್ತದೆ. ಸಂಬಳದ ಪಟ್ಟಿ ತೆಗೆದು, ಒಂದೇ ಕೆಲಸಕ್ಕೆ ಗಂಡು ಹೆಣ್ಣಿಗೆ ಬೇರೆ ಸಂಬಳವಿದೆಯೇ ನೋಡಿ. ಕ್ಷೇತ್ರ ಸಿಬ್ಬಂದಿಗೆ ಪೆಟ್ರೋಲ್ ಖರ್ಚು ಮುಂಗಡ ಕೊಡಿ, ತಿಂಗಳ ಕೊನೆಗೆ ಮರುಪಾವತಿ ಎಂದರೆ ಕೈಯಲ್ಲಿ ದುಡ್ಡಿರುವವರೇ ಆ ಕೆಲಸಕ್ಕೆ ಉಳಿಯುತ್ತಾರೆ. ಹೊಸ ನೇಮಕಕ್ಕೆ ಪದವಿಗಿಂತ ಆ ಹೋಬಳಿಯಲ್ಲಿ ವಾಸವಿರುವುದನ್ನು ಹೆಚ್ಚು ತೂಗಿ. 10 ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಮಹಿಳೆಯ ಅಧ್ಯಕ್ಷತೆಯ, ಅರ್ಧದಷ್ಟಾದರೂ ಮಹಿಳೆಯರಿರುವ, ಹೊರಗಿನ ಒಬ್ಬ ಸದಸ್ಯರಿರುವ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ವಿವರ ಗೋಡೆಗೆ ಅಂಟಿಸಿ.

ಸಣ್ಣ ಸಂಘಗಳಿಗೆ ಕೊಡುವಾಗ

ಕೇರಿಯಲ್ಲಿ ನಿಜವಾಗಿ ಕೆಲಸ ಮಾಡುವ ಗುಂಪುಗಳಿಗೆ ಅನೇಕ ಸಲ ನೋಂದಣಿಯೇ ಇರುವುದಿಲ್ಲ. ಅಂಥವಕ್ಕೆ "ದೇಣಿಗೆ" ಎಂದು ಬರೆಯದೆ, ಟ್ರಸ್ಟೇ ನೇರವಾಗಿ ನಡೆಸಿದ ಕಾರ್ಯಕ್ರಮವಾಗಿ ಬಿಲ್ಲುಗಳ ಮೇಲೆ ಖರ್ಚು ಹಾಕುವ ದಾರಿಯನ್ನು ಲೆಕ್ಕಪರಿಶೋಧಕರೊಡನೆ ಮೊದಲೇ ಮಾತಾಡಿಕೊಳ್ಳಿ. ನೋಂದಾಯಿತ ಸಂಘಗಳಿಗೆ ಮೂರು ವರ್ಷದ ಒಪ್ಪಂದ ಕೊಡಿ, ಬಾಡಿಗೆ, ಲೆಕ್ಕ ಬರೆಯುವವರ ಸಂಬಳ ಇತ್ಯಾದಿಗೆ ಶೇ. 15ರಿಂದ 20 ಸೇರಿಸಿ. ಕಂತು 40, 40, 20ರಂತೆ ಇರಲಿ. ಮೊದಲ ಕಂತು ಚಿಕ್ಕದಾಗಿಟ್ಟರೆ ಸಂಘದ ಕಾರ್ಯದರ್ಶಿ ಕೈಸಾಲ ಮಾಡುತ್ತಾರೆ. ವರದಿ ಎರಡು ಪುಟ, ಕನ್ನಡದಲ್ಲಿ. ಬರೆಯಲು ಕಷ್ಟವಾದರೆ ಫೋನಿನಲ್ಲಿ ಹೇಳಿಸಿ ನಿಮ್ಮ ಸಿಬ್ಬಂದಿ ಬರೆದುಕೊಳ್ಳಲಿ.

ಆರೋಗ್ಯದ ನೆರವಿನಲ್ಲೂ ಇದೇ ವಿಚಾರ. ಮಂಗನ ಕಾಯಿಲೆ 1957ರಲ್ಲಿ ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರದ ಅರಲಗೋಡು ಸುತ್ತ ಜೋರಾಗಿ ಹರಡಿತು. ಉಣ್ಣೆ (ಉಣುಗು) ಕಚ್ಚಿ ಬರುವ ಈ ಜ್ವರ ಡಿಸೆಂಬರ್‌ನಿಂದ ಮೇ ತನಕ ಸೊಪ್ಪು, ದರಗು (ಒಣ ಎಲೆ), ಸೌದೆಗೆ ಕಾಡಿಗೆ ಹೋಗುವವರನ್ನೇ ಹೆಚ್ಚು ಹಿಡಿಯುತ್ತದೆ. ಪೇಟೆಯ ಕಲ್ಯಾಣ ಮಂಟಪದಲ್ಲಿ ಉಚಿತ ಶಿಬಿರ ಮಾಡಿದರೆ ಅವರು ಬರುವುದಿಲ್ಲ. ಚಿಕಿತ್ಸೆಯ ಖರ್ಚನ್ನು ಸರ್ಕಾರ ವಹಿಸಿದರೂ ಆಸ್ಪತ್ರೆಯಲ್ಲಿ ಜೊತೆಗಿರುವವರ ಊಟ, ಬಸ್ಸು, ಹೋದ ಕೂಲಿ ಮನೆಯ ಮೇಲೇ ಬೀಳುತ್ತದೆ. ಟ್ರಸ್ಟಿನ ದುಡ್ಡಿಗೆ ಸರಿಯಾದ ಜಾಗ ಅದು.

ಎಲ್ಲಿ ಮುಗ್ಗರಿಸುತ್ತದೆ

ಮೊದಲ ವರ್ಷ ಹೊಸ ಊರುಗಳಿಂದ ಅರ್ಜಿ ಕಡಿಮೆ ಬರುತ್ತದೆ. ನಂಬಿಕೆ ಬರಲು ಯಾರಾದರೂ ಒಬ್ಬರಿಗೆ ಸಿಕ್ಕಿದ್ದನ್ನು ಕೇರಿ ಕಣ್ಣಾರೆ ನೋಡಬೇಕು. "ನೋಡಿ, ಅವರಿಗೇ ಬೇಡ" ಎಂಬ ಮಾತು ಆಗ ಮಂಡಳಿಯಲ್ಲಿ ಹುಟ್ಟುತ್ತದೆ. ಖಾಲಿ ಉಳಿದ ಸ್ಥಾನಗಳನ್ನು ಹಳೆಯ ಬಗೆಯ ಅರ್ಜಿಗಳಿಂದ ತುಂಬದೆ ಎರಡನೇ ಸುತ್ತು ಕರೆಯಬೇಕೆಂದು ಠರಾವಿನಲ್ಲೇ ಬರೆದಿಡಿ.

ಮಧ್ಯವರ್ತಿಗಳು ಹುಟ್ಟಿಕೊಳ್ಳುತ್ತಾರೆ. ಒಂದೇ ಕೈಬರಹದ ಅರ್ಜಿಗಳು, ಒಂದೇ ಫೋನ್ ನಂಬರು ಕಂಡರೆ ಊರಿಗೆ ಹೋಗಿ ವಿಚಾರಿಸಿ, ಮಗುವನ್ನು ಶಿಕ್ಷಿಸಬೇಡಿ. ಚೆಕ್ ವಿತರಣೆಯ ಸಮಾರಂಭ, ವೇದಿಕೆ, ಪತ್ರಿಕೆಯಲ್ಲಿ ಫೋಟೊ ಕೈಬಿಡಿ. ಬಡತನವನ್ನು ಸಹಪಾಠಿಗಳೆದುರು ಸಾರಿಕೊಳ್ಳಬೇಕಾದರೆ ಹದಿನಾರು ವರ್ಷದ ಹುಡುಗಿ ಅರ್ಜಿಯನ್ನೇ ಹಾಕುವುದಿಲ್ಲ. ದಾನಿಗಳಿಗೆ ವರದಿ ಬೇಕೆಂದರೆ ಹೆಸರಿಲ್ಲದ ಅಂಕಿಅಂಶ ಕಳಿಸಿ.

ಕೆಲಸದ ವೇಳಾಪಟ್ಟಿ ಹೀಗೆ ಹೊಂದುತ್ತದೆ: ಜುಲೈ–ಆಗಸ್ಟ್‌ನಲ್ಲಿ ಕಚೇರಿಯ ಕಡತ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಾಟಿ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುನ್ನ ಕೇರಿಗಳ ಭೇಟಿ, ನವೆಂಬರ್‌ನಲ್ಲಿ ಟ್ರಸ್ಟಿಗಳ ಮನೆ, ಡಿಸೆಂಬರ್‌ನಲ್ಲಿ ಠರಾವು, ಜನವರಿಯಲ್ಲಿ ನಮೂನೆ ಮತ್ತು ಸಮಿತಿ, ಫೆಬ್ರವರಿಯಲ್ಲಿ ಶಾಲೆಗಳು, ಜೂನ್‌ನಲ್ಲಿ ಹಣ, ಆಗಸ್ಟ್‌ನಲ್ಲಿ ಅಂಕಿಅಂಶದ ಪ್ರಕಟಣೆ. ಪ್ರಕಟಣೆ ಒಂದು ಪುಟ ಸಾಕು: ತಾಲ್ಲೂಕುವಾರು ಅರ್ಜಿ ಮತ್ತು ಆಯ್ಕೆ, ಸರ್ಕಾರಿ ಶಾಲೆಯವರ ಪಾಲು, ಹೆಣ್ಣುಮಕ್ಕಳ ಪಾಲು, ವರ್ಗವಾರು ಪಾಲು, ಹಿಂದಿನ ವರ್ಷದವರಲ್ಲಿ ಓದು ಮುಂದುವರಿಸಿದವರು. ಅದನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೂ ಶಾಲೆಗಳಿಗೂ ಕಳಿಸಿ, ಕೆಳಗೆ ದೂರು ಹೇಳಲು ಒಂದು ಫೋನ್ ನಂಬರ್ ಹಾಕಿ. ದೂರಿನ ಫೋನನ್ನು ಆಯ್ಕೆ ಮಾಡಿದವರೇ ಎತ್ತುವಂತಿರಬಾರದು.

ಡಿಸೆಂಬರ್‌ವರೆಗೆ ಮತ್ತೆ ನಾಲ್ಕು ತಿಂಗಳು ಇರುತ್ತದೆ. ಆ ಅವಧಿಯಲ್ಲಿ ಠರಾವನ್ನು ನಿಯಮಾವಳಿಯ ಪುಸ್ತಕಕ್ಕೆ ಸೇರಿಸಿ, ಸಮಿತಿಯ ಹೊರಗಿನ ಸದಸ್ಯರಲ್ಲಿ ಒಬ್ಬರನ್ನು ಪ್ರತಿ ವರ್ಷ ಬದಲಿಸುವ ಸರದಿ ಗೊತ್ತುಮಾಡಿ. ಟ್ರಸ್ಟಿ ಸ್ಥಾನ ಖಾಲಿಯಾದಾಗ ಮೊದಲು ಪರಿಗಣಿಸಬೇಕಾದ ಹೆಸರುಗಳು ಆ ಸಮಿತಿಯಲ್ಲಿ ದುಡಿದವರದ್ದು ಎಂದು ನಡಾವಳಿಯಲ್ಲಿ ದಾಖಲಿಸಿ, ಎಲ್ಲ ಟ್ರಸ್ಟಿಗಳ ಸಹಿ ಹಾಕಿಸಿ.